ಮುಖದ ಹುಟ್ಟುಮಚ್ಚೆ ಮತ್ತು ಕಣ್ಣು: ಹುಟ್ಟಿದ ವಾರದಿಂದ ದೊಡ್ಡವರಾಗುವವರೆಗೆ ಏನು, ಯಾವಾಗ, ಹೇಗೆ ನೋಡಿಸಬೇಕು

ನನ್ನ ಮಗಳು ಹುಟ್ಟಿದಾಗ ಅವಳ ಎಡಗೆನ್ನೆಯಿಂದ ಹಣೆಯ ತನಕ, ಕಣ್ಣಿನ ಮೇಲಿನ ರೆಪ್ಪೆಯನ್ನೂ ಸೇರಿಸಿ, ದಾಳಿಂಬೆ ರಸ ಚೆಲ್ಲಿದಂತೆ ಕೆಂಪು ಮಚ್ಚೆ ಇತ್ತು. ಬಾಣಂತನದಲ್ಲಿ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಗ್ರಹಣದ ದಿನ ಹೊರಗೆ ಬಂದಿದ್ದೇನೇ ನೀನು?" ಐದು ತಿಂಗಳಾಗುವ ಹೊತ್ತಿಗೆ ಮಾತು ಬದಲಾಯಿತು. "ಮಚ್ಚೆ ಇದ್ದರೇನಂತೆ, ಆ ಕಡೆಯ ಕಣ್ಣು ನೋಡು, ಎಷ್ಟು ದೊಡ್ಡದಾಗಿ ಮುದ್ದಾಗಿದೆ" ಅಂದರು. ನಾನೂ ಹಿಗ್ಗಿದೆ. ಆ ದೊಡ್ಡ ಕಣ್ಣೇ ಕಾಯಿಲೆಯಾಗಿತ್ತು. ಒಳಗಿನ ಒತ್ತಡಕ್ಕೆ ಮಗುವಿನ ಮೆತ್ತಗಿನ ಕಣ್ಣುಗುಡ್ಡೆ ಬಲೂನಿನಂತೆ ಹಿಗ್ಗುತ್ತಿತ್ತು. ಅದಕ್ಕೆ ಗ್ಲಾಕೋಮಾ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಏಳನೇ ತಿಂಗಳಲ್ಲಿ.

ಹೆರಿಗೆ ಆಸ್ಪತ್ರೆಯಲ್ಲಿ ನಮಗೆ ಹೇಳಿದ್ದು "ಇದು ಬರೀ ಚರ್ಮದ್ದು, ದೊಡ್ಡವಳಾದ ಮೇಲೆ ಲೇಸರ್ ಮಾಡಿಸಿ" ಎಂದಷ್ಟೇ. ಕಣ್ಣು ತೋರಿಸಿ ಎಂದು ಯಾರೂ ಹೇಳಲಿಲ್ಲ. ಆ ಒಂದು ಮಾತು ನಿಮಗೆ ತಪ್ಪಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಹನ್ನೊಂದು ವರ್ಷದಿಂದ ಕಣ್ಣಾಸ್ಪತ್ರೆಗೆ ಓಡಾಡಿ, ಕೇಳಿ, ಓದಿ ತಿಳಿದುಕೊಂಡ ತಾಯಿ.

ಹಂತ 1: ಅದು ಯಾವ ಮಚ್ಚೆ ಎಂದು ಮೊದಲು ತಿಳಿಯಿರಿ

ಎಲ್ಲ ಮಚ್ಚೆಯೂ ಕಣ್ಣಿಗೆ ಅಪಾಯವಲ್ಲ. ಬಹುತೇಕ ಮಚ್ಚೆಗಳಿಂದ ಏನೂ ಆಗುವುದಿಲ್ಲ. ಹೆದರುವ ಮುನ್ನ ಗುರುತಿಸುವುದು ಮುಖ್ಯ.

ಹಣೆಯ ನಟ್ಟನಡುವೆ, ಎರಡೂ ರೆಪ್ಪೆಗಳ ಮೇಲೆ, ಕತ್ತಿನ ಹಿಂಭಾಗದಲ್ಲಿ ತೆಳು ಗುಲಾಬಿ ಬಣ್ಣ, ಮಗು ಅತ್ತಾಗ ಮಾತ್ರ ಎದ್ದು ಕಾಣುತ್ತದೆಯೇ? ಅದು ಸಾಮನ್ ಪ್ಯಾಚ್. ತುಂಬ ಮಕ್ಕಳಲ್ಲಿ ಇರುತ್ತದೆ. ಮುಖದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಮಾಸುತ್ತದೆ, ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಹೆಚ್ಚಾಗಿ ಮುಖದ ಒಂದೇ ಬದಿಯಲ್ಲಿ, ಚರ್ಮಕ್ಕೆ ಸಮತಟ್ಟಾಗಿ, ಹುಟ್ಟುವಾಗಲೇ ಇದ್ದು, ಮಗು ಬೆಳೆದಂತೆ ತಾನೂ ಬೆಳೆಯುವ ಕೆಂಪು ಅಥವಾ ನೇರಳೆ ಮಚ್ಚೆ ಪೋರ್ಟ್ ವೈನ್ ಸ್ಟೇನ್. ಸಾವಿರ ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಇದು ಇರುತ್ತದೆ. ಇದು ಮಾಸುವುದಿಲ್ಲ. ವಯಸ್ಸಾದಂತೆ ಬಣ್ಣ ಗಾಢವಾಗಿ ಚರ್ಮ ದಪ್ಪವಾಗುತ್ತದೆ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಇದು ಕೆಂಪಾಗಿ ಕಾಣದೆ ಕಂದು ನೆರಳಿನಂತೆ ಕಾಣಬಹುದು. ಹಗಲಿನ ಬೆಳಕಿನಲ್ಲಿ, ಎರಡೂ ಕೆನ್ನೆಗಳನ್ನು ಹೋಲಿಸಿ ನೋಡಿ. ಈ ಲೇಖನದ ಬಹುಪಾಲು ಇದರ ಬಗ್ಗೆಯೇ.

ಹುಟ್ಟಿದಾಗ ಇಲ್ಲದೆ, ಇದ್ದರೂ ಚುಕ್ಕಿಯಷ್ಟೇ ಇದ್ದು, ಮೊದಲ ಕೆಲವು ವಾರಗಳಲ್ಲಿ ಸರಸರನೆ ಉಬ್ಬುವ ಕೆಂಪು ಗಂಟು ಹೆಮಾಂಜಿಯೋಮಾ. ಕಣ್ಣಿನ ಸುತ್ತ ಬೂದಿ ಬೆರೆತ ನೀಲಿ ಬಣ್ಣ, ಕೆಲವೊಮ್ಮೆ ಕಣ್ಣಿನ ಬಿಳಿ ಭಾಗದಲ್ಲೂ ಅದೇ ಬಣ್ಣ ಇದ್ದರೆ ಅದು ಓಟಾ ಮಚ್ಚೆ. ಇವೆರಡನ್ನೂ ಮುಂದೆ ಬಿಡಿಸಿ ಹೇಳುತ್ತೇನೆ. ರೆಪ್ಪೆಯ ಮೇಲೆ ದೊಡ್ಡದಾಗಿ, ಕೂದಲು ಇರುವ ಕಪ್ಪು ಮಚ್ಚೆ ಇದ್ದರೆ, ಅದರ ಭಾರಕ್ಕೆ ರೆಪ್ಪೆ ಜೋತು ನೋಟ ಮುಚ್ಚುತ್ತಿದೆಯೇ ಎಂದು ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು.

ಹಂತ 2: ಮಚ್ಚೆಯ ಜಾಗ ನೋಡಿ, ಒಂದು ಗೆರೆ ಎಳೆಯಿರಿ

ಕೆಂಪು ಮಚ್ಚೆಯ ವಿಷಯದಲ್ಲಿ ಬಣ್ಣಕ್ಕಿಂತ ಜಾಗ ಮುಖ್ಯ. ಕಣ್ಣಿನ ಹೊರಮೂಲೆಯಿಂದ ಕಿವಿಯ ಮೇಲ್ತುದಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲಿನ ಹಣೆ, ಅದರ ಜೊತೆಗೆ ಮೇಲಿನ ರೆಪ್ಪೆ, ಈ ಭಾಗದಲ್ಲಿ ಎಲ್ಲಾದರೂ ಪೋರ್ಟ್ ವೈನ್ ಮಚ್ಚೆ ಇದ್ದರೆ ಕಣ್ಣು ಮತ್ತು ಮೆದುಳು ಎರಡನ್ನೂ ನೋಡಿಸಬೇಕು. ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು 2014ರಲ್ಲಿ ತೋರಿಸಿಕೊಟ್ಟ ಗೆರೆ ಇದು. ಅದಕ್ಕೆ ಮುಂಚೆ ಮುಖದ ನರದ ಕವಲುಗಳ ಲೆಕ್ಕದಲ್ಲಿ ಅಪಾಯ ಅಳೆಯುತ್ತಿದ್ದರು. ಈಗಲೂ ಹಲವರು ಹಾಗೇ ಬರೆಯುತ್ತಾರೆ, ಗೊಂದಲ ಬೇಡ.

ಮಚ್ಚೆ ರೆಪ್ಪೆಗಳ ಮೇಲಿದ್ದರೆ ಗ್ಲಾಕೋಮಾ ಬರುವ ಸಾಧ್ಯತೆ ಹೆಚ್ಚು. ಮುಖದ ಎರಡೂ ಬದಿಗೆ ಹರಡಿದ್ದರೆ ಇನ್ನೂ ಹೆಚ್ಚು. ಮಚ್ಚೆ ಎಡಕ್ಕಿದ್ದರೆ ತೊಂದರೆ ಸಾಮಾನ್ಯವಾಗಿ ಎಡಗಣ್ಣಿಗೇ. ಬರೀ ಗಲ್ಲದ ಮೇಲೋ ಕತ್ತಿನ ಮೇಲೋ ಇದ್ದರೆ ಭಯ ಬಹಳ ಕಡಿಮೆ. ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವ್ ಅವರ ಬೋಳುತಲೆಯ ಮೇಲಿದ್ದ ಪೋರ್ಟ್ ವೈನ್ ಮಚ್ಚೆಯನ್ನು ಲೋಕವೆಲ್ಲ ನೋಡಿದೆ. ಅವರು 91 ವರ್ಷ ಬದುಕಿದರು. ಮಚ್ಚೆ ಕಂಡ ತಕ್ಷಣ ಕುಸಿಯಬೇಡಿ ಎನ್ನಲು ನಾನು ಅವರ ಹೆಸರನ್ನೇ ಹೇಳುವುದು.

ಯಾಕೆ ಹೀಗಾಗುತ್ತದೆ

ಇದು ಹಂತವಲ್ಲ, ಆದರೂ ಹೇಳಲೇಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ತಪ್ಪೆಲ್ಲ ತಾಯಿಯ ತಲೆಗೆ ಬರುತ್ತದೆ. 2013ರಲ್ಲಿ ಅಮೆರಿಕದ ಸಂಶೋಧಕರು ಕಾರಣ ಹಿಡಿದರು. ಮಗು ಇನ್ನೂ ಗರ್ಭದಲ್ಲಿ ರೂಪುಗೊಳ್ಳುತ್ತಿರುವಾಗ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಕ್ಯೂ ಎಂಬ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗುತ್ತದೆ. ಆ ಕೋಶದ ಸಂತತಿ ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಿನ ರಕ್ತನಾಳಗಳು ಹಿಗ್ಗಿಕೊಳ್ಳುತ್ತವೆ. ಚರ್ಮಕ್ಕೆ ಮಾತ್ರ ಹೋದರೆ ಮಚ್ಚೆ. ಕಣ್ಣಿಗೂ ಮೆದುಳಿನ ಪೊರೆಗೂ ಹೋದರೆ ಸ್ಟರ್ಜ್-ವೆಬರ್ ಸಿಂಡ್ರೋಮ್. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಗ್ರಹಣದಿಂದಲ್ಲ, ಬಯಕೆ ತೀರದೆ ಉಳಿದದ್ದರಿಂದಲ್ಲ. ಮುಂದಿನ ಮಗುವಿಗೂ ಬರುತ್ತದೆ ಎಂದು ಹೆದರಬೇಕಾಗಿಲ್ಲ. ಈ ಮಾತನ್ನು ವೈದ್ಯರ ಬಾಯಿಂದಲೇ ಮನೆಯ ಹಿರಿಯರಿಗೆ ಹೇಳಿಸಿ. ನಾನು ಹಾಗೆ ಮಾಡಿದ ಮೇಲೆಯೇ ನಮ್ಮ ಮನೆಯಲ್ಲಿ ಆ ಪ್ರಶ್ನೆ ನಿಂತದ್ದು.

ಸ್ಟರ್ಜ್ ಎಂಬ ಇಂಗ್ಲೆಂಡಿನ ವೈದ್ಯರು 1879ರಲ್ಲಿ ಮುಖದ ಮೇಲೆ ಕೆಂಪು ಮಚ್ಚೆ, ಹಿಗ್ಗಿದ ಕಣ್ಣು, ಫಿಟ್ಸ್ ಮೂರೂ ಇದ್ದ ಆರು ವರ್ಷದ ಹುಡುಗಿಯ ಬಗ್ಗೆ ಬರೆದರು. ಹಿಗ್ಗಿದ ಕಣ್ಣು ಅಂದೇ ಆ ಪಟ್ಟಿಯಲ್ಲಿತ್ತು. ಸ್ಟರ್ಜ್-ವೆಬರ್ ಇರುವವರಲ್ಲಿ ನೂರಕ್ಕೆ 30ರಿಂದ 70 ಮಂದಿಗೆ ಗ್ಲಾಕೋಮಾ ಬರುತ್ತದೆ ಎಂದು ವರದಿಗಳು ಹೇಳುತ್ತವೆ.

ಕಣ್ಣಿನೊಳಗೆ ನೀರಿನಂಥ ದ್ರವ ಸದಾ ಹುಟ್ಟುತ್ತ, ಕಪ್ಪುಭಾಗದ ಅಂಚಿನ ಜಾಲರಿಯಿಂದ ಹೊರಗೆ ಹರಿಯುತ್ತಿರುತ್ತದೆ. ಕೆಲವು ಮಕ್ಕಳಲ್ಲಿ ಆ ಜಾಲರಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅವರಿಗೆ ಮೊದಲ ವರ್ಷದಲ್ಲೇ ಒತ್ತಡ ಏರುತ್ತದೆ. ಇನ್ನು ಕೆಲವರಲ್ಲಿ ಜಾಲರಿ ಚೆನ್ನಾಗಿರುತ್ತದೆ, ಆದರೆ ದ್ರವ ಹೋಗಿ ಸೇರಬೇಕಾದ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿ. ಮೋರಿ ಸರಿ ಇದ್ದೂ ಮುಂದಿನ ಹಳ್ಳ ತುಂಬಿದ್ದರೆ ನೀರು ಹಿಂದಕ್ಕೆ ನಿಲ್ಲುವುದಿಲ್ಲವೇ, ಹಾಗೆ. ಇವರಿಗೆ ಗ್ಲಾಕೋಮಾ ಹತ್ತನೇ ವಯಸ್ಸಿನಲ್ಲೂ ಬರಬಹುದು, ಮೂವತ್ತರಲ್ಲೂ ಬರಬಹುದು. ಹಾಗಾಗಿಯೇ ಒಮ್ಮೆ ನೋಡಿಸಿ ನಾರ್ಮಲ್ ಎಂದರೆ ಮುಗಿಯಲಿಲ್ಲ.

ಹಂತ 3: ಮೊದಲ ತಪಾಸಣೆ, ಆಮೇಲಿನ ವೇಳಾಪಟ್ಟಿ

ಹಂತ 2ರ ಗೆರೆಯ ಮೇಲ್ಭಾಗದಲ್ಲಿ ಅಥವಾ ರೆಪ್ಪೆಗಳ ಮೇಲೆ ಕೆಂಪು ಮಚ್ಚೆ ಇದ್ದರೆ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಕಣ್ಣಿನ ವೈದ್ಯರಿಗೆ ತೋರಿಸಿ. ಬಾಣಂತಿ ಹೊರಗೆ ಹೋಗಬಾರದು, ಮೂರು ತಿಂಗಳು ಕಳೆಯಲಿ ಎಂದರೆ ಕೇಳಬೇಡಿ. ಮಗುವನ್ನು ಅಪ್ಪನೋ ಅಜ್ಜಿಯೋ ಕರೆದೊಯ್ಯಲಿ, ಆದರೆ ಹೋಗಲಿ. ಸಾಮಾನ್ಯವಾಗಿ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಜೀವನವಿಡೀ ನೋಡುತ್ತಾರೆ. ಗ್ಲಾಕೋಮಾ ಇದೆ ಎಂದಾದರೆ ಈ ಲೆಕ್ಕ ಬದಲಾಗುತ್ತದೆ, ವೈದ್ಯರು ಹೇಳಿದಂತೆ ನಡೆಯಿರಿ.

ಯಾರಿಗೆ ತೋರಿಸಬೇಕು? ಕನ್ನಡಕದ ಅಂಗಡಿಯ ಪರೀಕ್ಷೆ ಇದಕ್ಕೆ ಸಾಲದು. ಮಕ್ಕಳ ಕಣ್ಣಿನ ವೈದ್ಯರು ಅಥವಾ ಗ್ಲಾಕೋಮಾ ವಿಭಾಗ ಇರುವ ಆಸ್ಪತ್ರೆ ಬೇಕು. ಬೆಂಗಳೂರಿನಲ್ಲಿ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ಊರಿಗೆ ಹತ್ತಿರದ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದಿಂದಲೂ ಆರಂಭಿಸಬಹುದು. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ ಚೀಟಿ ಬರೆಸಿಕೊಳ್ಳಿ. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಿಸಿ ಮೇಲಿನ ಆಸ್ಪತ್ರೆಗೆ ಕಳಿಸುವುದೇ ಅವರ ಕೆಲಸ. ಮೆದುಳಿನ ಕಡೆಗೆ ಮಕ್ಕಳ ನರವೈದ್ಯರು ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಕಿತ್ತುಹಾಕುತ್ತೇನೆ, ಯಾಕೆಂದರೆ ನಾವು ಎರಡು ತಿಂಗಳು ಅದರಲ್ಲೇ ಕಳೆದೆವು. ಮಗಳ ಎಂಆರ್‌ಐ ಸರಿಯಾಗಿದೆ ಎಂದು ಬಂತು. ಸಿಹಿ ಹಂಚಿದೆವು. ಆದರೆ ಮೆದುಳು ಸರಿ ಇದ್ದ ಮಾತ್ರಕ್ಕೆ ಕಣ್ಣು ಸರಿ ಇದೆ ಎಂದಲ್ಲ. ಮೆದುಳಿಗೆ ಏನೂ ಆಗದೆ ಚರ್ಮ ಮತ್ತು ಕಣ್ಣು ಎರಡಕ್ಕೇ ತೊಂದರೆ ಇರುವ ಮಕ್ಕಳೂ ಇದ್ದಾರೆ. ನನ್ನ ಮಗಳು ಅವರಲ್ಲಿ ಒಬ್ಬಳು.

ಹಂತ 4: ಮನೆಯಲ್ಲಿ ಕಣ್ಣು ನೋಡುವ ಕ್ರಮ

ಎರಡು ತಪಾಸಣೆಗಳ ನಡುವೆ ಮಗುವನ್ನು ದಿನವೂ ನೋಡುವವರು ನೀವೇ. ಎಣ್ಣೆನೀರು ಹಾಕಿ ಮಲಗಿಸುವ ಮುನ್ನ ಎರಡು ನಿಮಿಷ ಕೊಡಿ ಸಾಕು.

ಮೊದಲು ಕಣ್ಣಿನ ಕಪ್ಪುಭಾಗದ ಅಳತೆ. ಮಗುವನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿ ಎತ್ತಿಕೊಂಡು ಎರಡೂ ಕಣ್ಣುಗಳ ಕಪ್ಪು ವೃತ್ತಗಳನ್ನು ಹೋಲಿಸಿ. ನವಜಾತ ಶಿಶುವಿನಲ್ಲಿ ಅದರ ಅಗಲ ಸುಮಾರು 10 ಮಿಲಿಮೀಟರ್. ಮೊದಲ ವರ್ಷದಲ್ಲೇ 12 ದಾಟಿದರೆ ಸಂಶಯಪಡಬೇಕು. ಸ್ಕೇಲ್ ಹಿಡಿದು ಅಳೆಯಲು ಹೋಗಬೇಡಿ. ಒಂದಕ್ಕಿಂತ ಇನ್ನೊಂದು ದೊಡ್ಡದು ಅನಿಸಿದರೆ ಸಾಕು, ಹೋಗಿ ತೋರಿಸಿ. ಎರಡೂ ಕಣ್ಣು ಒಟ್ಟಿಗೇ ದೊಡ್ಡದಾದರೆ ಹೋಲಿಸಲು ಏನೂ ಇರುವುದಿಲ್ಲ. ಎರಡೂ ಬದಿಗೆ ಮಚ್ಚೆ ಇರುವ ಮಕ್ಕಳ ತಾಯಂದಿರು ಇದನ್ನು ನೆನಪಿಡಬೇಕು.

ಎರಡನೆಯದು ಬೆಳಕು. ಹೊರಗೆ ಕರೆದೊಯ್ದಾಗ ಮಗು ಮುಖವನ್ನು ನಿಮ್ಮ ಭುಜಕ್ಕೆ ಒತ್ತಿಕೊಳ್ಳುತ್ತದೆಯೇ, ಕಣ್ಣು ಬಿಗಿಯಾಗಿ ಮುಚ್ಚುತ್ತದೆಯೇ? ನಮ್ಮವಳು ಹಾಗೆ ಮಾಡುವಾಗ "ನಾಚಿಕೆ ನೋಡು ಇವಳಿಗೆ" ಎಂದು ನಗುತ್ತಿದ್ದೆವು.

ಮೂರನೆಯದು ಕಣ್ಣೀರು. ಚಿಕ್ಕ ಮಕ್ಕಳ ಕಣ್ಣಲ್ಲಿ ನೀರು ಸೋರಲು ಹೆಚ್ಚಿನ ಸಲ ಕಾರಣ ಕಣ್ಣೀರಿನ ನಾಳ ಕಟ್ಟಿರುವುದು. ಆಗ ಪಿಸುರೂ ಬರುತ್ತದೆ, ಮಗು ಬೆಳಕಿಗೆ ಹೆದರುವುದಿಲ್ಲ. ಗ್ಲಾಕೋಮಾದಲ್ಲಿ ನೀರು ತಿಳಿಯಾಗಿ ಸುರಿಯುತ್ತದೆ, ಜೊತೆಗೆ ಬೆಳಕಿನ ಭಯ ಇರುತ್ತದೆ. ಮಚ್ಚೆ ಇರುವ ಬದಿಯ ಕಣ್ಣಲ್ಲಿ ನೀರು ಸೋರಿದರೆ ಇದು ಮಾಮೂಲಿ ಎಂದು ಯಾರು ಹೇಳಿದರೂ ಒತ್ತಡ ಅಳೆಸದೆ ಬಿಡಬೇಡಿ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಅದು ಒತ್ತಡ ಇಳಿಸುವುದಿಲ್ಲ, ಸೋಂಕು ತರಬಹುದು. ಕಾಡಿಗೆಯೂ ಬೇಡ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಕಾಲಿಗೆ ಇಡಿ.

ಕಪ್ಪುಭಾಗದ ಮೇಲೆ ಮಂಜು ಕವಿದಂತೆ ನೀಲಿ-ಬಿಳಿ ಮಬ್ಬು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅಂದೇ ಹೊರಡಿ.

ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ, ಮಗು ನೇರ ನೋಡುವಾಗ ಒಂದು ಫೋಟೋ ತೆಗೆದಿಡಿ. ತಿಂಗಳು ತಿಂಗಳಿನ ಫೋಟೋ ಪಕ್ಕಪಕ್ಕ ಇಟ್ಟರೆ ದಿನವೂ ನೋಡುವ ಕಣ್ಣಿಗೆ ಕಾಣದ ವ್ಯತ್ಯಾಸ ಕಾಣುತ್ತದೆ. ಪಾಪೆಯಲ್ಲಿ ಹೊಳೆಯುವ ಕೆಂಪು ಒಂದು ಕಣ್ಣಲ್ಲಿ ಗಾಢವಾಗಿ, ಇನ್ನೊಂದರಲ್ಲಿ ತೆಳುವಾಗಿ ಕಂಡರೆ ಆ ಫೋಟೋವನ್ನೇ ವೈದ್ಯರಿಗೆ ತೋರಿಸಿ. ಕಣ್ಣಿನ ಹಿಂಪದರದ ರಕ್ತನಾಳಗಳೂ ಗಂಟಿನಂತೆ ಹಿಗ್ಗಿ ದಪ್ಪವಾಗಿದ್ದರೆ, ಅಂದರೆ ಕೋರಾಯ್ಡಿನ ಹೆಮಾಂಜಿಯೋಮಾ ಇದ್ದರೆ, ಹೀಗೆ ಕಾಣಬಹುದು. ಪಾಪೆ ಬೆಳ್ಳಗೆ ಹೊಳೆದರೆ, ಮಚ್ಚೆ ಇರಲಿ ಇಲ್ಲದಿರಲಿ, ಯಾವ ಮಗುವಿಗಾದರೂ ಅದು ತುರ್ತು.

ಹಂತ 5: ಅರಿವಳಿಕೆ ಕೊಟ್ಟು ಮಾಡುವ ಪರೀಕ್ಷೆಗೆ ಸಿದ್ಧರಾಗಿ

ಅಳುವ, ಒದ್ದಾಡುವ ಮಗುವಿನ ಕಣ್ಣಿನ ಒತ್ತಡ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಹಾಗಾಗಿ ಚಿಕ್ಕ ಮಕ್ಕಳಿಗೆ ಸ್ವಲ್ಪ ಹೊತ್ತು ಅರಿವಳಿಕೆ ಕೊಟ್ಟು ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಈ ಮಾತು ಕೇಳಿ ನನ್ನ ಗಂಡ ಎದ್ದು ಹೊರಟಿದ್ದರು. ಅವರನ್ನು ದೂರುವುದಿಲ್ಲ, ಹಸುಗೂಸಿಗೆ ಅರಿವಳಿಕೆ ಎಂದರೆ ಯಾರಿಗೂ ಎದೆ ಝಲ್ಲೆನ್ನುತ್ತದೆ. ಮಕ್ಕಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವ ಆಸ್ಪತ್ರೆ ಆರಿಸಿಕೊಳ್ಳಿ. ಎಂಆರ್‌ಐಗೂ ಮಲಗಿಸಬೇಕಿದ್ದರೆ ಎರಡನ್ನೂ ಒಂದೇ ಸಲಕ್ಕೆ ಮಾಡಲಾಗುತ್ತದೆಯೇ ಎಂದು ಕೇಳಿ.

ಸಾಮಾನ್ಯವಾಗಿ ಎದೆಹಾಲು 4 ಗಂಟೆ ಮುಂಚೆ, ಬೇರೆ ಹಾಲು ಮತ್ತು ಗಟ್ಟಿ ಆಹಾರ 6 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ಆಸ್ಪತ್ರೆ ಹೇಳಿದ ಸಮಯವೇ ಅಂತಿಮ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಮಗುವಾದರೆ ಅಂದು ಬೆಳಗಿನ ಡೋಸ್ ಏನು ಮಾಡಬೇಕು ಎಂದು ಹಿಂದಿನ ದಿನವೇ ಕೇಳಿ. ಹೊಟ್ಟೆ ಖಾಲಿ ಇರಬೇಕೆಂದು ನೀವಾಗಿಯೇ ಬಿಟ್ಟುಬಿಡಬೇಡಿ.

ಹೊರಬಂದ ವೈದ್ಯರು "ಪರವಾಗಿಲ್ಲ" ಎಂದಷ್ಟೇ ಹೇಳಿದರೆ ಮೆಲ್ಲಗೆ ಅಂಕಿಗಳನ್ನು ಕೇಳಿ ಬರೆದುಕೊಳ್ಳಿ. ಕಣ್ಣಿನ ಒತ್ತಡ: ದೊಡ್ಡವರಲ್ಲಿ 10ರಿಂದ 21 ಸಹಜ, ಶಿಶುಗಳಲ್ಲಿ ಇನ್ನೂ ಕಡಿಮೆ ಇರುತ್ತದೆ, ಅರಿವಳಿಕೆ ಮದ್ದಿನಿಂದಲೂ ಇಳಿಯಬಹುದು. ಕಪ್ಪುಭಾಗದ ಅಗಲ. ಕಣ್ಣುಗುಡ್ಡೆಯ ಉದ್ದ: ಹುಟ್ಟುವಾಗ ಸುಮಾರು 17 ಮಿಲಿಮೀಟರ್, ಒಂದು ವರ್ಷಕ್ಕೆ ಸುಮಾರು 20, ಅದಕ್ಕಿಂತ ವೇಗವಾಗಿ ಬೆಳೆದರೆ ಒತ್ತಡ ಹಿಡಿತದಲ್ಲಿಲ್ಲ ಎಂದು ಅರ್ಥ. ದೃಷ್ಟಿನರದ ಗುಂಡಿಯ ಅನುಪಾತ, ಅಂದರೆ ನರದ ತುದಿಯ ನಡುವಿನ ಗುಂಡಿ ಆ ತುದಿಯ ಎಷ್ಟು ಪಾಲು ಇದೆ ಎಂಬ ಲೆಕ್ಕ: 0.3, 0.5 ಎಂದು ಬರೆಯುತ್ತಾರೆ, ಒಂದು ಕಣ್ಣಿಗೂ ಇನ್ನೊಂದಕ್ಕೂ 0.2ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಚ್ಚರ. ಕೊನೆಗೆ ಕನ್ನಡಕದ ಪವರ್. ಕಣ್ಣು ಉದ್ದವಾದಂತೆ ಮೈನಸ್ ಏರುತ್ತದೆ.

ಒಂದು ಸಲದ ಅಂಕಿಯಿಂದ ಏನೂ ತೀರ್ಮಾನಿಸಲಾಗದು. ಐದಾರು ಸಲದ್ದು ಸಾಲಾಗಿ ಇದ್ದರೆ ಹೊಸ ವೈದ್ಯರೂ ಒಂದು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮದು ಇನ್ನೂರು ಪುಟದ ನೋಟ್‌ಬುಕ್, ಮೊದಲ ಪುಟದಲ್ಲಿ ರಕ್ತದ ಗುಂಪು, ಈಗಿನ ಹನಿಗಳು, ಆದ ಶಸ್ತ್ರಚಿಕಿತ್ಸೆಗಳು. ಬಸ್ಸಿನಲ್ಲಿ ಹೋಗುವಾಗ ಅದು ನನ್ನ ಮಡಿಲಲ್ಲಿರುತ್ತದೆ, ಡಿಕ್ಕಿಯಲ್ಲಲ್ಲ.

ಹಂತ 6: ಹನಿಗಳು, ಶಸ್ತ್ರಚಿಕಿತ್ಸೆ

ಶಿಶುವಿನಲ್ಲೇ ಬರುವ ಗ್ಲಾಕೋಮಾಗೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತಡವಾಗಿ ಬರುವುದಕ್ಕೆ ಮೊದಲು ಹನಿಗಳನ್ನು ಕೊಡುತ್ತಾರೆ.

ಹನಿ ಹಾಕುವುದು ಸುಲಭ ಎನಿಸುತ್ತದೆ, ಆದರೆ ಅದರಲ್ಲೇ ಅರ್ಧ ಚಿಕಿತ್ಸೆ ಸೋರಿಹೋಗುತ್ತದೆ. ಕೈ ತೊಳೆಯಿರಿ. ಮಗುವನ್ನು ಮಲಗಿಸಿ ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ. ಎರಡನೇ ಹನಿ ಕೆನ್ನೆಗೆ ಹೋಗುತ್ತದೆ. ಮೂಗಿನ ಪಕ್ಕ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಇದರಿಂದ ಮದ್ದು ಮೂಗಿಗೆ ಇಳಿದು ರಕ್ತ ಸೇರುವುದು ಕಡಿಮೆಯಾಗುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ.

ಪುಟ್ಟ ಮಗುವಿಗೆ ಟಿಮೊಲಾಲ್ ಎಂಬ ಹನಿ ಕೊಟ್ಟಿದ್ದರೆ ಉಬ್ಬಸ, ಉಸಿರಾಟದ ತೊಂದರೆ, ವಿಪರೀತ ಮಂಕು ಇದೆಯೇ ನೋಡಿ. ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಬ್ರಿಮೊನಿಡಿನ್ ಎಂಬ ಹನಿಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕಬಾರದು. ಮಗು ನಿದ್ದೆಗೆ ಜಾರಿ ಉಸಿರು ನಿಲ್ಲುವ ಅಪಾಯವಿದೆ. ಮನೆಯಲ್ಲಿ ಅಜ್ಜನ ಗ್ಲಾಕೋಮಾ ಹನಿ ಇದ್ದರೆ ಅದನ್ನು ಬೇರೆ ಕಪಾಟಿನಲ್ಲಿಡಿ.

ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆ: ಹಿಂಪದರದಲ್ಲಿ ಹೆಮಾಂಜಿಯೋಮಾ ಇದೆಯೇ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡಿದ್ದೀರಾ? ಅದು ಇದ್ದಾಗ ಕಣ್ಣಿನ ಒತ್ತಡ ಹಠಾತ್ತನೆ ಇಳಿದರೆ ಆ ಪದರದಲ್ಲಿ ನೀರು ತುಂಬಬಹುದು, ರಕ್ತಸ್ರಾವವೂ ಆಗಬಹುದು. ಅನುಭವಿ ವೈದ್ಯರು ಇದಕ್ಕೆ ಮುಂಚೆಯೇ ತಯಾರಿ ಮಾಡಿಕೊಂಡಿರುತ್ತಾರೆ. ಮಗು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಸ್ಟರ್ಜ್-ವೆಬರ್ ಇರುವ ಕೆಲವರಿಗೆ ನರವೈದ್ಯರು ಅದನ್ನು ಬರೆದಿರುತ್ತಾರೆ. ಒಂದು ಶಸ್ತ್ರಚಿಕಿತ್ಸೆಯಲ್ಲಿ ಮುಗಿಯದೆ ಮತ್ತೊಂದು ಬೇಕಾದರೆ ಯಾರೋ ತಪ್ಪು ಮಾಡಿದರು ಎಂದುಕೊಳ್ಳಬೇಡಿ. ಈ ಕಾಯಿಲೆಯ ರೀತಿಯೇ ಹಾಗೆ. ನಮ್ಮವಳಿಗೆ ಎರಡಾಗಿವೆ.

ಹಂತ 7: ಒತ್ತಡ ಇಳಿಯಿತು, ನೋಟ?

ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಂದು ಕಣ್ಣಿನ ಪವರ್ ಮೈನಸ್ ಆರು, ಇನ್ನೊಂದರದ್ದು ಸೊನ್ನೆ ಇದ್ದರೆ ಮೆದುಳು ಸ್ಪಷ್ಟವಾಗಿ ಕಾಣುವ ಕಣ್ಣನ್ನು ಇಟ್ಟುಕೊಂಡು ಇನ್ನೊಂದನ್ನು ಕೈಬಿಡುತ್ತದೆ. ಕಣ್ಣು ಇದ್ದೂ ನೋಟ ಬೆಳೆಯದ ಈ ಸ್ಥಿತಿಗೆ ಮಂದಗಣ್ಣು, ಆಂಬ್ಲಿಯೋಪಿಯಾ ಎನ್ನುತ್ತಾರೆ. ಏಳೆಂಟು ವರ್ಷದೊಳಗೆ ತಿದ್ದಿದರೆ ಫಲ ಹೆಚ್ಚು.

ತಿದ್ದುವ ಮುಖ್ಯ ಬಗೆ ಎರಡು: ಸರಿಯಾದ ಕನ್ನಡಕ, ಮತ್ತು ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಗಂಟೆ ಎಂದು ಅಂಟಿಸಿ ಮುಚ್ಚುವ ಪಟ್ಟಿ. ಒಳ್ಳೆಯ ಕಣ್ಣಿಗೆ! ನೆಂಟರು ಬಂದು ಚೆನ್ನಾಗಿರೋ ಕಣ್ಣನ್ನೇ ಯಾಕಮ್ಮಾ ಮುಚ್ಚಿದ್ದೀಯ ಎಂದು ಕೇಳುತ್ತಾರೆ, ಅನುಮಾನ ನಿಮಗೂ ಬರುತ್ತದೆ. ಗಂಟೆ ಎಷ್ಟು ಎಂದು ವೈದ್ಯರೇ ಹೇಳಬೇಕು. ಪಟ್ಟಿ ಹಾಕಿದ ಹೊತ್ತು ಮಗು ಸುಮ್ಮನೆ ಮಲಗಿದ್ದರೆ ಪ್ರಯೋಜನವಿಲ್ಲ. ನಾವು ಅಕ್ಕಿಯಲ್ಲಿ ಹೆಸರುಕಾಳು ಬೆರೆಸಿ ಆರಿಸಲು ಕೂರಿಸುತ್ತಿದ್ದೆವು, ಕೈಯಲ್ಲಿ ಚೌಕಾಬಾರದ ಕವಡೆ ಕೊಡುತ್ತಿದ್ದೆವು.

ಹಿಗ್ಗಿದ ಕಣ್ಣಿನ ಗೋಡೆ ತೆಳುವಾಗಿರುತ್ತದೆ. ಸಣ್ಣ ಪೆಟ್ಟಿಗೂ ಒಡೆಯಬಹುದು. ಚಿನ್ನಿದಾಂಡು ಬೇಡವೇ ಬೇಡ. ಕ್ರಿಕೆಟ್‌ಗೆ, ದೀಪಾವಳಿಯ ಪಟಾಕಿಯ ಹತ್ತಿರಕ್ಕೆ ಪಾಲಿಕಾರ್ಬೊನೇಟ್ ಲೆನ್ಸಿನ ಕನ್ನಡಕ ಇಲ್ಲದೆ ಬಿಡಬೇಡಿ.

ಕೆಂಪು ಗಂಟು: ಇಲ್ಲಿ ಲೆಕ್ಕ ವಾರಗಳದ್ದು

ರೆಪ್ಪೆಯ ಮೇಲಿನ ಹೆಮಾಂಜಿಯೋಮಾ ಬೇರೆ ರೀತಿಯಲ್ಲಿ ನೋಟ ಕೆಡಿಸುತ್ತದೆ. ಗಂಟು ಪಾಪೆಯನ್ನು ಮುಚ್ಚಬಹುದು, ಇಲ್ಲವೇ ಕಣ್ಣುಗುಡ್ಡೆಯನ್ನು ಒತ್ತಿ ಅದರ ಆಕಾರ ಬದಲಿಸಬಹುದು. ಎರಡರ ಕೊನೆಯೂ ಮಂದಗಣ್ಣು. ಇದು ತಾನಾಗಿಯೇ ಕರಗುತ್ತದೆ ಎನ್ನುವ ಮಾತು ನಿಜ, ಆದರೆ ಕರಗಲು ವರ್ಷಗಳು ಬೇಕು, ನೋಟ ಕೆಡಲು ತಿಂಗಳುಗಳು ಸಾಕು. ಹೆಚ್ಚಿನ ಬೆಳವಣಿಗೆ ಮೊದಲ ಮೂರು ತಿಂಗಳಲ್ಲೇ ಆಗಿಬಿಡುತ್ತದೆ. ಆದ್ದರಿಂದ ಕಂಡ ವಾರವೇ ತೋರಿಸಿ.

2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಹೃದಯಕ್ಕೆಂದು ಕೊಟ್ಟ ಪ್ರೊಪ್ರನಲಾಲ್ ಮದ್ದಿನಿಂದ ಮಗುವಿನ ಗಂಟು ಕುಗ್ಗಿದ್ದನ್ನು ಕಂಡು ಬರೆದರು. ಈಗ ಅದೇ ಮುಖ್ಯ ಚಿಕಿತ್ಸೆ. ಮಗುವಿಗೆ ಹಾಲುಣಿಸಿದ ಮೇಲೆಯೇ ಈ ಮದ್ದು ಕೊಡಬೇಕು. ಮಗು ಹಾಲು ಕುಡಿಯದ ದಿನ, ವಾಂತಿಯಾಗುವ ದಿನ ಡೋಸ್ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ, ಇಲ್ಲವಾದರೆ ರಕ್ತದ ಸಕ್ಕರೆ ಇಳಿಯಬಹುದು. ಗಂಟು 5 ಸೆಂಟಿಮೀಟರ್‌ಗಿಂತ ದೊಡ್ಡದಾಗಿ ಮುಖದ ಒಂದು ಭಾಗವನ್ನೇ ಆವರಿಸಿದ್ದರೆ ಹೃದಯ, ಮೆದುಳಿನ ರಕ್ತನಾಳ, ಕಣ್ಣು ಮೂರನ್ನೂ ನೋಡಿದ ಮೇಲೆಯೇ ಈ ಮದ್ದು ಶುರು ಮಾಡುತ್ತಾರೆ.

ನೀಲಿ ಮಚ್ಚೆ: ಓಟಾ

ಜಪಾನಿನ ಚರ್ಮವೈದ್ಯ ಮಸಾವೊ ಓಟಾ 1939ರಲ್ಲಿ ವಿವರಿಸಿದ ಈ ಮಚ್ಚೆ ಏಷ್ಯಾದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಕೆಲವರಿಗೆ ಹುಟ್ಟುವಾಗಲೇ, ಕೆಲವರಿಗೆ ಮೈನೆರೆಯುವ ವಯಸ್ಸಿನಲ್ಲಿ ಕಾಣಿಸುತ್ತದೆ. ಬಂಗು ಎಂದು ತಿಳಿದು ಕ್ರೀಮ್ ಹಚ್ಚುವವರೇ ಬಹಳ. ಬಂಗು ಸಾಮಾನ್ಯವಾಗಿ ಎರಡೂ ಕೆನ್ನೆಗೆ, ಕಂದು ಬಣ್ಣದಲ್ಲಿ ಬರುತ್ತದೆ. ಓಟಾ ಹೆಚ್ಚಾಗಿ ಒಂದೇ ಬದಿಗೆ, ನೀಲಿಯಾಗಿ. ಕಣ್ಣಿನ ಬಿಳಿ ಭಾಗದಲ್ಲೂ ನೀಲಿ ಕಲೆ ಇದ್ದರೆ ಸಂಶಯ ಉಳಿಯುವುದಿಲ್ಲ.

ಥಾಯ್ಲೆಂಡಿನ ಒಂದು ಅಧ್ಯಯನದಲ್ಲಿ ಓಟಾ ಇದ್ದ ಸುಮಾರು ನೂರಕ್ಕೆ 10 ಮಂದಿಗೆ ಗ್ಲಾಕೋಮಾ ಇತ್ತು. ಕಣ್ಣಿನೊಳಗೆ ಮೆಲನೋಮಾ ಎಂಬ ಕ್ಯಾನ್ಸರ್ ಬರುವ ಸಾಧ್ಯತೆಯೂ ಇದೆ. ಬಿಳಿಯರಲ್ಲಿ ಅದನ್ನು ಜೀವಮಾನದಲ್ಲಿ 400 ಮಂದಿಗೆ ಒಬ್ಬರು ಎಂದು ಲೆಕ್ಕ ಹಾಕಿದ್ದಾರೆ, ನಮ್ಮಂಥ ಚರ್ಮದವರಲ್ಲಿ ಅದು ಅಪರೂಪ. ಭಯಪಡಬೇಡಿ, ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಒಳಗೆ ನೋಡಿಸಿಕೊಳ್ಳಿ. ಮುಖದಲ್ಲಿ ನೀಲಿ ಮಚ್ಚೆಯೂ ಕೆಂಪು ಮಚ್ಚೆಯೂ ಒಟ್ಟಿಗೇ ಇರುವ ಮಕ್ಕಳಿರುತ್ತಾರೆ. ಅವರಲ್ಲಿ ಗ್ಲಾಕೋಮಾ ಅಪಾಯ ಇನ್ನೂ ಜಾಸ್ತಿ, ಅವರನ್ನು ಹಂತ 3ರ ವೇಳಾಪಟ್ಟಿಯಲ್ಲೇ ನೋಡಿಸಿ.

ಹಂತ 8: ಕಣ್ಣಿಗೆ ಬೇರೆ ದಾರಿಯಿಂದ ಬರುವ ಪೆಟ್ಟು ತಪ್ಪಿಸಿ

ಮೊದಲು ಸ್ಟೀರಾಯ್ಡ್. ಮಚ್ಚೆ ಬೆಳ್ಳಗಾಗಲಿ ಎಂದು ಔಷಧಿ ಅಂಗಡಿಯಿಂದ ತಂದು ಹಚ್ಚುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ರೆಪ್ಪೆಯ ಮೇಲೆ ತಿಂಗಳುಗಟ್ಟಲೆ ಹಚ್ಚಿದರೆ ಅದೇ ಕಣ್ಣಿನ ಒತ್ತಡ ಏರಿಸುತ್ತದೆ, ಮಚ್ಚೆ ಮಾತ್ರ ಹಾಗೇ ಇರುತ್ತದೆ. ಮಚ್ಚೆ ಇರುವ ಬದಿಯ ಕಣ್ಣಿನ ಬಿಳಿ ಭಾಗ ಸದಾ ಕೆಂಪು ನರಗಳಿಂದ ತುಂಬಿರುವುದು ಉಂಟು. ಅದನ್ನು ಮದ್ರಾಸ್ ಐ ಎಂದುಕೊಂಡು ಸ್ಟೀರಾಯ್ಡ್ ಬೆರೆತ ಹನಿ ತಂದು ಹಾಕುವುದೂ ಅಷ್ಟೇ ಅಪಾಯ.

ಎರಡನೆಯದು ಟೊಪಿರಮೇಟ್. ಫಿಟ್ಸ್‌ಗೆ ಒಳ್ಳೆಯ ಮದ್ದೇ. ಆದರೆ ಕೆಲವರಲ್ಲಿ, ಸಾಮಾನ್ಯವಾಗಿ ಶುರು ಮಾಡಿದ ಮೊದಲ ತಿಂಗಳಲ್ಲಿ, ದಿಢೀರನೆ ಕಣ್ಣಿನ ಒತ್ತಡ ಏರಿ ಮಂಜು, ನೋವು, ಕೆಂಪು ಕಾಣಿಸಿಕೊಳ್ಳುತ್ತದೆ. ಹಾಗಾದರೆ ಅಂದೇ ಕಣ್ಣಾಸ್ಪತ್ರೆಗೆ ಹೋಗಿ, ನರವೈದ್ಯರಿಗೂ ಫೋನ್ ಮಾಡಿ. ಅವರನ್ನು ಕೇಳದೆ ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ.

ಮೂರನೆಯದು ಲೇಸರ್. ರೆಪ್ಪೆಯ ಹತ್ತಿರ ಲೇಸರ್ ಹಾಕುವಾಗ ಹೊರಗಿನಿಂದ ಕಣ್ಣು ಮುಚ್ಚಿದರೆ ಸಾಲದು, ಹನಿ ಹಾಕಿ ಮರಗಟ್ಟಿಸಿ ರೆಪ್ಪೆಯ ಒಳಗೆ ಲೋಹದ ರಕ್ಷಾಕವಚ ಇಡಬೇಕು. ಅದು ಇದೆಯೇ ಎಂದು ಕೇಳದೆ ಹಾಸಿಗೆಯ ಮೇಲೆ ಮಲಗಬೇಡಿ. ಮಚ್ಚೆ ಪೂರ್ತಿ ತಿಳಿಯಾದರೂ ಗ್ಲಾಕೋಮಾ ತಪಾಸಣೆ ತಪ್ಪಿಸುವಂತಿಲ್ಲ. ಲೇಸರ್ ಚರ್ಮದ ನಾಳಗಳನ್ನು ಮುಚ್ಚುತ್ತದೆ, ಕಣ್ಣಿನೊಳಗಿನದನ್ನಲ್ಲ.

ಇದನ್ನು ಓದುತ್ತಿರುವ ನಿಮ್ಮ ಮುಖದಲ್ಲೇ ಮಚ್ಚೆ ಇದ್ದರೆ

ನಿಮಗೀಗ ಇಪ್ಪತ್ತೈದೋ ನಲವತ್ತೋ ಇರಬಹುದು. ಬಾಲ್ಯದಲ್ಲಿ ಯಾರೂ ಕಣ್ಣು ತೋರಿಸಿರಲಿಕ್ಕಿಲ್ಲ. ಸಂಬಂಧ ನೋಡಲು ಬಂದವರ ಮುಂದೆ ಆ ಕೆನ್ನೆಯನ್ನು ಮರೆಮಾಡಿ ಕೂತದ್ದು ನೆನಪಿರಬಹುದು. ದೊಡ್ಡವರ ಕಣ್ಣು ಮಕ್ಕಳದ್ದರಂತೆ ಹಿಗ್ಗುವುದಿಲ್ಲ, ನೋಯುವುದೂ ಇಲ್ಲ. ನೋಟ ಅಂಚಿನಿಂದ ಸದ್ದಿಲ್ಲದೆ ಕಿರಿದಾಗುತ್ತ ಬರುತ್ತದೆ, ಹೋದದ್ದು ಮರಳುವುದಿಲ್ಲ. ಚೀಟಿ ಮಾಡಿಸುವಾಗ ಕನ್ನಡಕ ಎನ್ನಬೇಡಿ, ಗ್ಲಾಕೋಮಾ ತಪಾಸಣೆ ಎನ್ನಿ. ವೈದ್ಯರಿಗೆ ಮಚ್ಚೆ ತೋರಿಸಿ, ಹುಟ್ಟಿನಿಂದ ಇದೆ ಎಂದು ಹೇಳಿ. ಒತ್ತಡ, ಜಾಲರಿಯ ಕೋನ, ದೃಷ್ಟಿನರದ ಓಸಿಟಿ ಸ್ಕ್ಯಾನ್, ನೋಟದ ಅಗಲ ಅಳೆಯುವ ಫೀಲ್ಡ್ ಟೆಸ್ಟ್, ಪಾಪೆ ಹಿಗ್ಗಿಸಿ ಅಕ್ಷಿಪಟಲ, ಇಷ್ಟೂ ಆಗಲಿ. ಪಾಪೆ ಹಿಗ್ಗಿಸಿದ ದಿನ ನಾಲ್ಕೈದು ಗಂಟೆ ಮಂಜಾಗಿರುತ್ತದೆ, ಬೈಕ್ ಓಡಿಸಲಾಗದು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.